ತಳ ನೋಡದೆ ತಂದ ಕ್ಯಾಸೆಟ್

ಅಂಗಡಿಯವನು ಮೇಲಿದ್ದದ್ದನ್ನು ತೋರಿಸಿದರೆ ನನ್ನ ಕೈ ತಾನಾಗಿ ತಳಕ್ಕೆ ಹೋಗ್ತದೆ. ಶೇಂಗಾ ಚೀಲ ಇರಲಿ, ಬದನೆಕಾಯಿ ಪುಟ್ಟಿ ಇರಲಿ, ತಳದ್ದನ್ನ ಮೇಲೆ ತಂದು ನೋಡಿದ ಮೇಲೇ ನನಗೆ ಸಮಾಧಾನ. ಸೀರೆ ಅಂಗಡಿಯವ ಸೆರಗು ಹರಡಿ ತೋರಿಸ್ತಾನೆ. ನಾನು ಒಳಗಿನ ತುದಿ ಎಳೀತೀನಿ. ಅವನ ಮುಖ ಸಣ್ಣದಾಗ್ತದೆ. ಆಗಲಿ. ಉಡೋದು ನಾನು.

ಮೊನ್ನೆ ಈ ಚಟ ಮೊಬೈಲ್ ಅಂಗಡಿಯಲ್ಲೂ ಬಿಡಲಿಲ್ಲ. ಮೊಮ್ಮಗಳು ಗೀತಾ ಈಗ ಕೊಟ್ಟೂರಿನಿಂದ ಹರಪನಹಳ್ಳಿಗೆ ಕಾಲೇಜಿಗೆ ಹೋಗಿಬರ್ತಾಳೆ. ಬಸ್ಸಿನಲ್ಲಿ ಹೊತ್ತು ಹೋಗೋದಿಲ್ಲ ಅಂತ ಫೋನಿಗೆ ಆಟ ತುಂಬಿಸಿಕೊಳ್ಳೋಕೆ ಹೊರಟಿದ್ದಳು. ನನಗೂ ಮಂಡಕ್ಕಿ ತರೋದಿತ್ತು, ಜೊತೆಗೆ ಹೋದೆ. ಅಂಗಡಿಯವನು ಮೀಸೆ ನರೆತ ಮನುಷ್ಯ. ಅವಳ ಫೋನಿನಿಂದ ಉಗುರಿನಷ್ಟು ಕಾರ್ಡ್ ತೆಗೆದು ಕಂಪ್ಯೂಟರಿಗೆ ಸಿಗಿಸಿ, "ಇನ್ನೂರು ಆಟ ಹಾಕಿಕೊಡ್ತೀನ್ರಿ" ಅಂದ.

"ಕೊನೀದು ತಗದು ತೋರಸ್ರಿ" ಅಂದೆ.

"ಕೊನೀದು ಅಂದ್ರ?"

"ಇನ್ನೂರನೇದು."

ಅವನು ಗೀತಾಳ ಮುಖ ನೋಡಿದ. ಅವಳು "ತೋರಿಸಿಬಿಡಿ ಅಂಕಲ್, ಇಲ್ಲದಿದ್ರೆ ನಮ್ಮಜ್ಜಿ ಇಲ್ಲಿಂದ ಏಳೋದಿಲ್ಲ" ಅಂದಳು. ಅದು ದೋಣಿ ನಡೆಸೋ ಆಟ. ಹೊಳೆ ಇದೆ, ಬಂಡೆ ಇದೆ, ದೋಣಿ ಚೆನ್ನಾಗಿ ಓಡ್ತಿತ್ತು. ಒಂದು ನಿಮಿಷ ಆಗಿರಬೇಕು, ಆಟ ನಿಂತು ಇಂಗ್ಲಿಷಿನಲ್ಲಿ ಏನೋ ಬಂತು. ಮುಂದಿನ ಹೊಳೆ ಬೇಕಾದರೆ ಮತ್ತೆ ದುಡ್ಡು ಕಟ್ಟಿ ಇಳಿಸಿಕೊಳ್ಳಬೇಕು ಅಂತ ಬರೆದಿದೆ ಅಂತ ಗೀತಾ ಓದಿ ಹೇಳಿದಳು.

"ಇದೇನ್ರಿ, ಒಳಕಲ್ಲು ಮಾರಿ ಗುಂಡುಕಲ್ಲಿಗೆ ಬ್ಯಾರೆ ರೊಕ್ಕ ಕೇಳಿದಂಗಾತಲ್ಲ?"

"ಈಗ ಎಲ್ಲಾ ಹಂಗ ಬರತಾವ್ರಿ ಅಮ್ಮಾರ."

"ಹಂಗಾದ್ರ ಇನ್ನೂರು ಅನಬ್ಯಾಡ್ರಿ. ಪೂರ್ತಿ ಇರೋವು ಎಷ್ಟದಾವ, ಅಷ್ಟು ಹೇಳ್ರಿ."

ಗೀತಾ ಬಾಯಿಗೆ ಸೆರಗು, ಅಲ್ಲ, ಅದೇನೋ ವೇಲು ಅಂತಾರಲ್ಲ, ಅದನ್ನ ಅಡ್ಡ ಹಿಡಕೊಂಡು ನಕ್ಕಳು. ಈಗ ನಗ್ತಾಳೆ. ಹತ್ತು ವರ್ಷದವಳಿದ್ದಾಗ ಇದೇ ಚಟಕ್ಕೆ ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ದಳು. ಅದನ್ನ ಹೇಳ್ತೀನಿ ಕೇಳ್ರಿ.

ನನ್ನ ಮಗ ದಾವಣಗೆರೆಯಲ್ಲಿ ಕೆಲಸಕ್ಕಿದ್ದ. ಅದು ಸರಿಬರಲಿಲ್ಲ. ಊರಲ್ಲೇ ನಮ್ಮ ಶೇಂಗಾ ವ್ಯಾಪಾರ ನೋಡಿಕೊಳ್ತೀನಿ ಅಂತ ಹೆಂಡತಿ ಮಗಳ ಸಮೇತ ವಾಪಸ್ ಬಂದ. ಬಂದದ್ದು ಶಾಲೆ ಅರ್ಧ ವರ್ಷ ಮುಗಿದ ಮೇಲೆ. ದೊಡ್ಡವರಿಗೆ ಅದರಿಂದ ಏನೂ ಆಗೋದಿಲ್ಲ. ಹುಡುಗರಿಗೆ ಆಗ್ತದೆ. ಅಷ್ಟೊತ್ತಿಗೆ ಓಣಿಯ ಹುಡುಗರದ್ದೆಲ್ಲ ಜೋಡಿ ಮುಗಿದಿರ್ತಾವೆ. ಕುಂಟಬಿಲ್ಲೆಗೆ ಇಂಥವಳ ಜೋಡಿ ಇಂಥವಳು, ಲಗೋರಿಗೆ ಈ ಕಡೆ ಇಷ್ಟು ಜನ ಆ ಕಡೆ ಅಷ್ಟು ಜನ. ಗೀತಾ ಹೋಗಿ ನಿಂತರೆ, "ನಮ್ಮದು ಜೋಡಿ ಆಗೇತವ್ವ" ಅಂದುಬಿಡೋರು. ಯಾರೂ ಬೈದವರಲ್ಲ, ಹೊಡೆದವರಲ್ಲ. ಇವಳು ಬಾಗಿಲ ಕಟ್ಟೆಗೆ ಬಂದು ಕೂತು ಕಾಲುಬೆರಳು ನೋಡಿಕೊಳ್ಳೋಳು. ನನಗೆ ಅಯ್ಯೋ ಅನ್ನೋ ಸ್ವಭಾವ ಇಲ್ಲ. "ಸುಮ್ಮನ ಕೂಡೋ ಬದಲು ಕಾಯಿ ಸುಲಿ ಬಾ" ಅಂತಿದ್ದೆ. ಸುಲೀತಿದ್ದಳು. ಶೇಂಗಾ ಸುಲಿದು ಸುಲಿದು ಅವಳ ಹೆಬ್ಬೆರಳು ಕೆಂಪಾಗಿತ್ತು.

ಮಗ ದಾವಣಗೆರೆ ಬಿಡೋ ಮುಂದೆ ಅವನ ದೋಸ್ತ ಒಬ್ಬ ಕೂಸಿಗೆ ಅಂತ ತನ್ನ ಹಳೇ ವಿಡಿಯೋ ಗೇಮ್ ಡಬ್ಬಿ ಕೊಟ್ಟಿದ್ದ. ಟಿವಿಗೆ ವೈರು ಹಾಕಿ ಆಡೋದು. ಡಬ್ಬಿ ಇತ್ತು, ಕೈಯಲ್ಲಿ ಹಿಡಿದು ಒತ್ತೋ ರಿಮೋಟ್ ಒಂದಿತ್ತು, ಆಟ ಇರೋ ಕ್ಯಾಸೆಟ್ ಇರಲಿಲ್ಲ. ಗೀತಾ ಒಂದು ದಿನ ಆ ಡಬ್ಬಿ ತಂದು ನನ್ನ ಮುಂದೆ ಇಟ್ಟು, "ಅಜ್ಜಿ, ಇದಕ್ಕೆ ಒಂದು ಕ್ಯಾಸೆಟ್ ಕೊಡಿಸು. ಆಗ ಎಲ್ಲರೂ ನಮ್ಮ ಮನೆಗೆ ಬರ್ತಾರೆ" ಅಂದಳು.

"ಡಬ್ಬಿ ನೋಡಾಕ ಬರತಾರ. ನಿನ್ನ ನೋಡಾಕ ಅಲ್ಲ" ಅಂದೆ.

"ಬರಲಿ. ಬಂದ ಮೇಲೆ ನಾನೂ ಅಲ್ಲೇ ಇರ್ತೀನಲ್ಲ."

ಅವರಪ್ಪನ್ನ ಕೇಳಿದರೆ, "ಒಂದು ಕೊಡಿಸು. ಒಂದೇ. ಮುಂದಿನ ಯುಗಾದಿವರೆಗೆ ಇನ್ನೊಂದು ಕೇಳಂಗಿಲ್ಲ" ಅಂದ. ಅಂದ್ರೆ ಆರಿಸೋದು ಒಂದೇ ಸಲ. ಆ ಒಂದರಲ್ಲಿ ಓಣಿ ಹುಡುಗರು ಬರಬೇಕು, ಬಂದವರು ನಿಲ್ಲಬೇಕು. ಹುಡುಗಿ ಅಷ್ಟೂ ಲೆಕ್ಕ ಹಾಕಿಕೊಂಡಿದ್ದಳು.

ಕ್ಯಾಸೆಟ್ ಸಿಗ್ತಿದ್ದದ್ದು ಇಮಾಮಸಾಬನ ಅಂಗಡಿಯಲ್ಲಿ. ರೇಡಿಯೋ, ಟಿವಿ, ಮಿಕ್ಸರ್ ರಿಪೇರಿ ಮಾಡೋನು. ನಮ್ಮ ಮನೆಯ ರೇಡಿಯೋ ಅವನ ಕೈಯಲ್ಲೇ ಮೂರು ಸಲ ಸತ್ತು ಬದುಕಿತ್ತು. ಒಂದು ಬಿಸ್ಕೀಟು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ ಇಟ್ಟಿದ್ದ. ಗೀತಾ ಕೈ ಹಾಕಿದವಳೇ ಒಂದು ಎತ್ತಿದಳು. ಮೇಲೆ ಕಾರು, ಬೆಂಕಿ, ಹಾರೋ ಮನುಷ್ಯ, ಹಲ್ಲು ಕಿರಿಯೋ ರಾಕ್ಷಸ, ಎಲ್ಲ ಚಿತ್ರ ಒಂದೇ ಕಡೆ. ಜೊತೆಗೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಅಂತ ಅಂಕಿ.

"ಅಜ್ಜಿ, ಇದರಲ್ಲಿ ಇಷ್ಟು ಆಟ ಇದಾವೆ! ದಿನಕ್ಕೆ ಹತ್ತು ಆಡಿದರೂ ಎರಡೂವರೆ ವರ್ಷದ ಮೇಲೇ ಬರ್ತದೆ. ಯಾರಿಗೂ ಬೇಜಾರೇ ಆಗಲ್ಲ."

ನಾನು ಕ್ಯಾಸೆಟ್ ಇಸಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಶೇಂಗಾ ಕಾಯಿ ಹಿಂಗೇ ನೋಡೋದು. ಗಲಗಲ ಅಂದರೆ ಒಳಗೆ ಕಾಳು ಒಣಗಿದೆ ಅಂತ ಅರ್ಥ. ಇದು ಏನೂ ಅನ್ನಲಿಲ್ಲ. ತೂಕವೂ ಇರಲಿಲ್ಲ. ಅಷ್ಟು ಆಟ ತುಂಬಿದ್ದು ಇಷ್ಟು ಹಗುರ ಹೆಂಗಾದೀತು ಅನ್ನಿಸಿತು. ನಗಬೇಡ್ರಿ. ನನಗೆ ಗೊತ್ತಿದ್ದದ್ದು ಅದೊಂದೇ ಪರೀಕ್ಷೆ.

"ಇಮಾಮಸಾಬ, ಇದನ್ನ ಟಿವಿಗೆ ಹಾಕು. ಮೊದಲನೇದು ತೋರಸು, ನಡಬರಕಿಂದು ತೋರಸು, ಕೊನೀದು ತೋರಸು."

"ಅಮ್ಮಾ, ಇದೇನು ಶೇಂಗಾ ಚೀಲೇನ್ರಿ, ತಳಾ ನೋಡಾಕ?"

"ತಳ ಇಲ್ಲದ ಚೀಲ ಯಾವುದೈತೋ? ಹಾಕು."

ಹಾಕಿದ. ಟಿವಿಯಲ್ಲಿ ಸಾಲುಸಾಲು ಹೆಸರು ಬಂದವು. ಗೀತಾ ಇಂಗ್ಲಿಷ್ ಹೆಸರುಗಳನ್ನ ಶಾಲೆ ಪಾಠದಂಗೆ ಓದೋಳು. ಒಂದೊಂದು ಹೆಸರಿಗೂ ಅವಳ ಕಣ್ಣು ಅಗಲ. ನನಗೆ ಇಂಗ್ಲಿಷ್ ಬರೋದಿಲ್ಲ. ತಂಬ್ರಹಳ್ಳಿಯಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದ್ತೀನಿ. ಹಂಗಾಗಿ ನಾನು ಹೆಸರು ನೋಡಲಿಲ್ಲ, ಚಿತ್ರ ನೋಡಿದೆ. ಮೊದಲನೇ ಆಟದಲ್ಲಿ ಟೋಪಿ ಹಾಕಿಕೊಂಡ ಒಬ್ಬ ಗಿಡ್ಡ, ಗುಂಡಿ ದಾಟ್ತಾ ಓಡ್ತಿದ್ದ. ನಡುವಿನದು ತೆಗೆದರೆ ಅಲ್ಲೂ ಒಬ್ಬ ಗಿಡ್ಡ. ಕೊನೆಯದು ತೆಗೆದರೆ ಅಲ್ಲೂ ಅವನೇ, ಟೋಪಿಯ ಬಣ್ಣ ಅಷ್ಟೇ ಬೇರೆ.

"ಇವ ಅವನೇ ಅಲ್ಲೇನು?"

"ಹೆಸರು ಬೇರೆ ಇದೆ ಅಜ್ಜಿ" ಅಂದಳು ಗೀತಾ.

"ಹೆಸರು ಬ್ಯಾರೆ ಇದ್ರ ಮನಷಾ ಬ್ಯಾರೆ ಆಗತಾನೇನು? ಅವನ ಓಟ ನೋಡು. ಕುಂಡಿ ಹಿಂದ ಮಾಡ್ಕೊಂಡು ಓಡತಾನ, ಅವನೇ."

ಇಮಾಮಸಾಬ ನಕ್ಕುಬಿಟ್ಟ. "ನಿಜ ಹೇಳಲೇನ್ರಿ? ಇದರಾಗ ಆರೋ ಏಳೋ ಆಟ ಅದಾವ. ಅವನ್ನ ತಿರುಗಾ ಮುರುಗಾ ಹಾಕಿರತಾರ. ನಾನೇನು ಮಾಡಿದ್ದಲ್ಲ, ಹಂಗ ಬರತಾವ. ಇಷ್ಟು ಮಂದಿಗೆ ಮಾರೀನಿ, ಕೊನೀದು ತಗಿ ಅಂದಾಕಿ ನೀವೊಬ್ಬರೇ."

ನನಗೆ ಹೆಮ್ಮೆ ಆಯ್ತು. ಸುಳ್ಳು ಯಾಕೆ ಹೇಳಲಿ. ಹುಡುಗಿಯ ಮುಖ ಬಾಡಿದ್ದು ಕಂಡರೂ ಕಾಣದಂಗೆ ಇದ್ದೆ.

ಆಮೇಲೆ ನಾನೇ ಡಬ್ಬಿ ಕೆದಕಿ ಒಂದು ಬೂದು ಬಣ್ಣದ ಕ್ಯಾಸೆಟ್ ತೆಗೆದೆ. ಚೀಟಿ ಹರಿದಿತ್ತು, ನಾಲ್ಕು ಅನ್ನೋ ಅಂಕಿ ಮಾತ್ರ ಉಳಿದಿತ್ತು. ಮೊದಲನೇದು ಕಾರು ಓಡಿಸೋದು. ಎರಡನೇದು ಹಕ್ಕಿ ಹಾರಿಸೋದು. ಮೂರನೇದು ಇಬ್ಬರು ಪೈಲ್ವಾನರು ಗುದ್ದಾಡೋದು, ಒಬ್ಬನದು ಕೆಂಪು ಚಡ್ಡಿ, ಒಬ್ಬನದು ಹಸಿರು. ಮೂರೂ ಬೇರೆ ಬೇರೆ. ನಾಲ್ಕನೇದು ತೆಗೆಯೋದರಲ್ಲಿ ಕರೆಂಟ್ ಹೋಯ್ತು. ನಮ್ಮ ಕಡೆ ಕರೆಂಟ್ ಹೋದರೆ ಕಾಯ್ತಾ ಕೂಡೋದು ಉಂಟೇನ್ರಿ? ಮೂರು ಗಟ್ಟಿ ಇದಾವೆ, ನಾಲ್ಕನೇದೂ ಇರ್ತದೆ ಅಂದೆ. ಐವತ್ತು ವರ್ಷ ಚೀಲದ ತಳ ನೋಡಿದಾಕಿ, ಆ ಒಂದು ದಿನ ನೋಡಲಿಲ್ಲ.

ಅಷ್ಟರಲ್ಲಿ ಇಮಾಮಸಾಬ ಕತ್ತಲಲ್ಲೇ ಇನ್ನೆರಡು ಸಾಮಾನು ಮುಂದಿಟ್ಟ. ಒಂದು ಪಿಸ್ತೂಲು, ಟಿವಿ ಕಡೆ ಹಿಡಿದು ಹೊಡೆಯೋದು. ಇನ್ನೊಂದು ಎರಡನೇ ರಿಮೋಟ್. ಎರಡರಲ್ಲಿ ಒಂದು ಕೊಡಿಸ್ತೀನಿ ಅಂದೆ. ಗೀತಾ ಪಿಸ್ತೂಲಿಗೇ ಕೈ ಹಾಕಿದಳು. ನಾನು ರಿಮೋಟ್ ಅಂದೆ.

ಯಾಕಂದ್ರೆ ನಾನು ಸಣ್ಣಾಕಿದ್ದಾಗ ತಂಬ್ರಹಳ್ಳಿಯಲ್ಲಿ ನಮ್ಮ ಮನೆ ಮುಂದಿನ ಕಟ್ಟೆಯ ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿದ್ದರು. ಯಾರು ಕೊರೆದರೋ ಗೊತ್ತಿಲ್ಲ, ನಮ್ಮವ್ವ ಲಗ್ನ ಆಗಿ ಬರೋ ಮೊದಲೇ ಇತ್ತಂತೆ. ಹುಣಸೆ ಬೀಜ ಒಂದು ಮಗ್ಗಲು ತೇಯ್ದು ಕವಡೆ ಮಾಡಿಕೊಳ್ತಿದ್ದೆವು. ಕಾಯಿಗೆ ಬಳೆ ಚೂರು, ಬೆಣಚುಕಲ್ಲು, ಬೇವಿನ ಬೀಜ. ಆಡೋರು ನಾಲ್ಕು ಜನ, ಹೇಳಿಕೊಡೋರು ಹದಿನಾಲ್ಕು ಜನ. ನನ್ನ ಅಕ್ಕ ಕವಡೆ ಮುಟ್ಟಿದ್ದನ್ನೇ ನಾನು ಕಾಣೆ, ಆದರೆ ಅವಳು ಹೇಳದೆ ಯಾರ ಕಾಯೂ ಮುಂದೆ ಹೋಗ್ತಿರಲಿಲ್ಲ. ಸೋತವರು ಅವಳ ಮೇಲೆ ಹರಿಹಾಯೋರು. ಅದೂ ಆಟದ ಒಂದು ಭಾಗ. ಒಬ್ಬ ಪಿಸ್ತೂಲು ಹಿಡಿದು ಹೊಡೀತಾ ನಿಂತರೆ ಉಳಿದವರು ಅವನ ಬೆನ್ನು ನೋಡಬೇಕು. ಬೆನ್ನು ನೋಡೋಕೆ ಯಾರು ಬರ್ತಾರೆ?

ಇದನ್ನೆಲ್ಲ ಆವಾಗ ಹೇಳಲಿಲ್ಲ. "ಪಿಸ್ತೂಲು ಬ್ಯಾಡ, ನಡಿ" ಅಂದು ಕ್ಯಾಸೆಟ್ಟಿಗೂ ರಿಮೋಟಿಗೂ ದುಡ್ಡು ಕೊಟ್ಟೆ, ಅಷ್ಟೇ.

ಮರುದಿನ ಓಣಿ ಹುಡುಗರು ಬಂದರು. ಗೀತಾ ಅಂದಂಗೇ ಬಂದರು, ಎಂಟು ಹತ್ತು ಜನ. ಮುಂದೆ ರೇಣುಕಾ, ನಮ್ಮ ಎದುರು ಮನೆ ಹುಡುಗಿ, ಓಣಿಯ ಹುಡುಗಿಯರಿಗೆಲ್ಲ ಅವಳೇ ಗೌಡತಿ. ಅವಳ ಹಿಂದೆ ವೀರೇಶ, ಬಾಯಿ ಜೋರಿನವ. ಗೀತಾ ಚಾಪೆ ಹಾಸಿದ್ದಳು, ತಟ್ಟೆಯಲ್ಲಿ ಹುರಿದ ಶೇಂಗಾ ಇಟ್ಟಿದ್ದಳು, ಹೊಸ ರಿಬ್ಬನ್ ಕಟ್ಟಿಕೊಂಡಿದ್ದಳು. ಪೈಲ್ವಾನರ ಆಟ ಹಾಕಿದಳು.

ಆಗ ಗೊತ್ತಾಯ್ತು ನಾನು ಮಾಡಿದ ತಪ್ಪು. ಇಮಾಮಸಾಬನ ಅಂಗಡಿಯಲ್ಲಿದ್ದದ್ದು ಕಲರ್ ಟಿವಿ. ನಮ್ಮದು ಕಪ್ಪು ಬಿಳುಪು. ಕೆಂಪು ಚಡ್ಡಿ, ಹಸಿರು ಚಡ್ಡಿ, ಎರಡೂ ಒಂದೇ ಬೂದಿ ಬಣ್ಣ. ಯಾವ ಪೈಲ್ವಾನ ಯಾರವನು ಅಂತ ಯಾರಿಗೂ ತಿಳೀಲಿಲ್ಲ. ರೇಣುಕಾ "ಹಾಕು, ಹಾಕು, ಇನ್ನೊಂದು ಹಾಕು" ಅಂತ ಕುಣಿದಳು. ನೋಡಿದರೆ ಏಟು ತಿಂತಿದ್ದವನು ಅವಳವನೇ.

"ಬಿದ್ದಾಂವ ನಿನ್ನಾಂವ ಲೇ!" ಅಂದ ವೀರೇಶ.

"ನಂದಲ್ಲ, ನಿಂದು. ನಾನು ಗುಂಡಿ ಒತ್ತಿದಾಗ ಅವ ಕಾಲು ಎತ್ತಿದ."

"ಬಿದ್ದು ಎತ್ತಿದ್ದು ಅದು!"

ಟಿವಿಯೊಳಗಿನ ಜಗಳ ಚಾಪೆಗೆ ಬಂತು. ಕಾರಿನ ಆಟ ಹಾಕಿದರೆ ಅಲ್ಲೂ ಎರಡು ಬೂದಿ ಕಾರು. "ಎಷ್ಟು ಆಟ ಅದಾವ ನಿಮ್ಮದರಾಗ?" ಅಂತ ವೀರೇಶ ಕೇಳಿದ. ಗೀತಾ ಸಣ್ಣ ದನಿಯಲ್ಲಿ "ನಾಲ್ಕು" ಅಂದಳು. "ನಾಕೇನ? ಹೊಸಪೇಟ್ಯಾಗ ನಮ್ಮ ಮಾವನ ಮನ್ಯಾಗ ಒಂಬತ್ತು ಸಾವಿರ ಅದಾವ" ಅಂದ. ನಾನು ಒಳಗಿಂದ, "ನಿಮ್ಮ ಮಾವಗ ಕೊನೀದು ತಗದು ನೋಡು ಅನ್ನು ಹೋಗು" ಅಂದೆ. ಅದು ಅವನಿಗೆ ತಿಳೀಲಿಲ್ಲ. ಮೂರನೇ ದಿನ ಚಾಪೆ ಮೇಲೆ ಗೀತಾ ಒಬ್ಬಳೇ. ತಟ್ಟೆಯ ಶೇಂಗಾ ಹಂಗೇ ಇತ್ತು.

"ನಿನ್ನಿಂದಲೇ ಹೀಗಾಯ್ತು" ಅಂದಳು. "ನಾನು ಕೇಳಿದ್ದು ಕೊಡಿಸಿದ್ದರೆ ಅವರು ಇರ್ತಿದ್ದರು. ಸುಳ್ಳೇ ಆಗಲಿ, ಅಷ್ಟು ಹೆಸರು ಇತ್ತಲ್ಲ!"

ಆಮೇಲೆ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಅವರವ್ವನ ಕಡೆ ತಿರುಗಿ "ಬರ್ತೀನಿ ಅಂತ ಹೇಳು" ಅನ್ನೋಳು. ನಾನು ರಮಿಸೋಕೆ ಹೋಗಲಿಲ್ಲ. ಆದರೆ ರೊಟ್ಟಿ ತಟ್ಟುವಾಗ ಅವಳ ಮಾತೇ ತಲೆಯಲ್ಲಿ ತಿರುಗ್ತಿತ್ತು. ನಾನು ಒಳಗೆ ಜೊಳ್ಳು ಎಷ್ಟು, ಗಟ್ಟಿ ಎಷ್ಟು ಅಂತ ನೋಡಿದ್ದೆ. ಹುಡುಗಿ ಕೊಳ್ಳೋಕೆ ಹೋದದ್ದು ಕ್ಯಾಸೆಟ್ಟೇ ಅಲ್ಲ. ಅದು ನನಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿದ್ದಳು. ಗೊತ್ತಿದ್ದೂ ನಾನು ಶೇಂಗಾನೇ ಕೊಂಡು ಬಂದಿದ್ದೆ.

ಸೋತೆ ಅನ್ನೋಕೆ ನನಗೆ ನಾಚಿಕೆ ಇಲ್ಲ. ಅವಳು ಮಾತು ಬಿಟ್ಟ ಎರಡನೇ ದಿನ ಮಧ್ಯಾಹ್ನ ಕ್ಯಾಸೆಟ್ ಸೆರಗಿಗೆ ಕಟ್ಟಿಕೊಂಡು ಇಮಾಮಸಾಬನ ಅಂಗಡಿಗೆ ಹೋದೆ.

"ಇದು ತಗೊಂಡು ಆ ಒಂಬತ್ತು ಸಾವಿರದ್ದು ಕೊಡಪಾ."

ಅವನು ಬೆಸುಗೆ ಹಾಕ್ತಿದ್ದವನು ತಲೆ ಎತ್ತಿದ. "ಯಾಕ್ರೀ ಅಮ್ಮಾ, ಜೊಳ್ಳು ಬಂತೇನು?"

"ಜೊಳ್ಳಲ್ಲ. ನಮ್ಮ ಟಿವ್ಯಾಗ ಎಲ್ಲಾ ಒಂದೇ ಬಣ್ಣ. ಹುಡುಗ್ರು ಜಗಳಾಡಿ ಹೋದ್ರು."

"ನಾಕನೇದು ಆಡಿದ್ರೇನು?"

"ಇಲ್ಲ. ಅದನ್ನ ತಗದರ ಇಂಗ್ಲೀಷ್ ಅಕ್ಷರ ಬರತಾವಂತ, ಹುಡುಗ್ರು ಬಿಟ್ಟುಬಿಟ್ರು."

ಇಮಾಮಸಾಬ ಬೆಸುಗೆ ಕಡ್ಡಿ ಕೆಳಗಿಟ್ಟು ಕೈ ಮುಗಿದ. "ನನ್ನ ಅಂಗಡ್ಯಾಗ ಕುಂತು, ಕರೆಂಟ್ ಹೋಗೋತನಕ ನನ್ನ ಜೀವ ತಿಂದು ತಳಾ ತೋರಸು ಅಂದ್ರಿ. ನಿಮ್ಮ ಚೀಲದ ತಳಾ ನೀವೇ ನೋಡಿಲ್ಲ? ಮನೀಗೆ ಹೋಗ್ರಿ. ಅಕ್ಷರ ಬಂದಾಗ ಮೂರನೇ ಸಾಲಿಗೆ ಗುಂಡಿ ಒತ್ರಿ. ಆಗಲೂ ಬ್ಯಾಡಂದ್ರ ಬದಲಿ ಕೊಡತೀನಿ."

ಮನೆಗೆ ಬಂದು ಟಿವಿ ಹಾಕಿದೆ. ಗೀತಾ ಗೋಡೆ ಕಡೆ ಮುಖ ಮಾಡಿ ಓದೋ ನಾಟಕ ಮಾಡ್ತಿದ್ದಳು. ನಾಲ್ಕನೇದು ತೆಗೆದು ಮೂರನೇ ಸಾಲಿಗೆ ಒತ್ತಿದೆ. ಖಾಲಿ ಬಯಲು ಬಂತು. ಗುಂಡಿ ಒತ್ತಿದ ಕಡೆ ಒಂದು ಇಟ್ಟಿಗೆ ಕೂತಿತು. ಇನ್ನೊಂದು ಒತ್ತಿದೆ, ಇನ್ನೊಂದು ಇಟ್ಟಿಗೆ. ಇದು ಗೋಡೆ ಕಟ್ಟೋ ಆಟ. ಕಟ್ಟಿದ ಮೇಲೆ ಅದೇ ಗೋಡೆಗಳ ಸಂದಿಯಲ್ಲಿ ತೋಪಿನ ಗಾಡಿ ಓಡಿಸಬೇಕು. ಗಾಡಿಯ ಮಾತು ಆಮೇಲೆ. ನನಗೆ ಇಟ್ಟಿಗೆ ಹಿಡಿಸಿತು. ಈ ಮನೆಯ ಗೋಡೆಗೆ ಮಣ್ಣು ತುಳಿದವಳು ನಾನು. ಬಣ್ಣ ಬೂದಿ ಇದ್ದರೇನು, ಗೋಡೆ ಗೋಡೆಯೇ. ನಮ್ಮ ಮನೆ ಕಟ್ಟಿದೆ. ಮುಂದೆ ಓಣಿ ಬಿಟ್ಟೆ. ಬಾವಿಗೆ ನಾಲ್ಕು ಇಟ್ಟಿಗೆ ಸುತ್ತ ಇಟ್ಟೆ.

"ಬಾವಿ ಅಷ್ಟು ಹತ್ತಿರ ಇಲ್ಲ" ಅಂತು ಗೋಡೆ ಕಡೆಯ ಮುಖ.

"ಹಂಗಾದ್ರ ನೀನೇ ಇಡು."

ಬಂದು ರಿಮೋಟ್ ಕಿತ್ತುಕೊಂಡಳು. ಬಾವಿ ಸರಿಸಿದಳು, ಎದುರು ಮನೆ ಕಟ್ಟಿದಳು. ಅಷ್ಟೊತ್ತಿಗೆ ಕಿಟಕಿಯಲ್ಲಿ ಒಂದು ತಲೆ. ರೇಣುಕಾ, ಕೊಡ ಹಿಡಕೊಂಡು ನೀರಿಗೆ ಹೊರಟಿದ್ದವಳು.

"ಅದ್ಯಾರ ಮನಿ?"

"ನಿಮ್ಮದು" ಅಂದಳು ಗೀತಾ.

"ನಮ್ಮ ಬಾಗಲ ಆ ಕಡಿ ಎಲ್ಲೈತಿ? ಬೇವಿನ ಗಿಡದ ಕಡಿ ಐತಿ. ಕಣ್ಣು ಕಾಣಸಂಗಿಲ್ಲೇನು ನಿನಗ?"

"ಹಂಗಾದರೆ ಬಂದು ತೋರಿಸು."

ರೇಣುಕಾ ಕೊಡ ಹೊಸ್ತಿಲಲ್ಲಿ ಬಿಟ್ಟು ಒಳಗೆ ಬಂದಳು. ಬಾಗಿಲು ತಿರುಗಿಸಿದಳು, ಸಾಲದ್ದಕ್ಕೆ ತಮ್ಮ ಮನೆಗೆ ಇಲ್ಲದ ಒಂದು ಪಡಸಾಲೆ ಸೇರಿಸಿದಳು. ಸಂಜೆಯೊಳಗೆ ಸುದ್ದಿ ಹಬ್ಬಿತು. ಗೀತಾಳ ಟಿವಿಯಲ್ಲಿ ನಮ್ಮ ಓಣಿ ಐತಂತೆ, ರೇಣುಕಾಳ ಮನಿ ದೊಡ್ಡದೈತಂತೆ. ಎಲ್ಲರೂ ತಮ್ಮ ಮನೆ ಎಲ್ಲಿ ಅಂತ ಕೇಳಿಕೊಂಡು ಬಂದರು. ವೀರೇಶನ ಮನೆ ಟಿವಿಯ ಅಂಚಿಗೆ ಬಂದು ಅರ್ಧ ಹೊರಗೆ ಉಳೀತು. "ನಾವು ಅರ್ಧ ಮನ್ಯಾಗ ಇರಬೇಕೇನು?" ಅಂತ ಅವನು ಕೂಗಾಡಿ, ಇಡೀ ಓಣಿಯನ್ನ ಎರಡು ಇಟ್ಟಿಗೆ ಪಕ್ಕಕ್ಕೆ ಸರಿಸಿದರು. ರಿಮೋಟ್ ಹಿಡಿದವರು ಒಬ್ಬರು, ಹೇಳೋರು ಹನ್ನೆರಡು ಜನ.

ಆ ಕ್ಯಾಸೆಟ್ಟಿಗೆ ನೆನಪು ಅನ್ನೋದೇ ಇಲ್ಲ. ಡಬ್ಬಿ ಆರಿಸಿದರೆ ಓಣಿ ಅಳಿಸಿಹೋಗ್ತದೆ. ಮೊದಲನೇ ಸಂಜೆ ಕರೆಂಟ್ ಹೋದಾಗ ಹುಡುಗರು ಹೋ ಅಂತ ಅರಚಿಕೊಂಡರು, ಊರೇ ಮುಳುಗಿದಂಗೆ. ಮರುದಿನ ಶಾಲೆ ಬಿಡ್ತಿದ್ದಂಗೆ ಮತ್ತೆ ಬಂದು ಬುನಾದಿಯಿಂದ ಶುರು ಮಾಡಿದರು. ದಿನಾ ಹಂಗೇ. ದಿನಾ ಬೇರೆಯವರ ಮನೆ ದೊಡ್ಡದಾಗೋದು, ದಿನಾ ಜಗಳ. ಯಾರ ಬಾಗಿಲು ಎತ್ತ ಕಡೆ ಇತ್ತು ಅನ್ನೋದಕ್ಕೆ ಕೊನೆಗೆ ಗೀತಾಳನ್ನೇ ಕೇಳೋರು. ಕಟ್ಟೆ ಮೇಲೆ ಕೂತು ಕೂತು ಓಣಿಯನ್ನ ಅವಳಷ್ಟು ನೋಡಿದವರು ಯಾರೂ ಇರಲಿಲ್ಲ.

ಹಿಂಗೆ ಒಂದು ತಿಂಗಳು ನಡೆದಿರಬೇಕು. ಒಂದು ದಿನ ನಾನು ಹಗರಿಬೊಮ್ಮನಹಳ್ಳಿಗೆ ನೆಂಟರ ಮನೆಗೆ ಹೋಗಿ ಸಂಜೆ ಬಸ್ಸಿಗೆ ಬಂದೆ. ಹೊಸ್ತಿಲ ಮುಂದೆ ಒಂದು ಚಪ್ಪಲಿಯೂ ಇಲ್ಲ. ಮತ್ತೆ ಜಗಳ ಆಯ್ತೇನೋ ಅಂದುಕೊಂಡು ಒಳಗೆ ಹೋದೆ. ಒಳಗೆ ಟಿವಿ ಉರೀತಿತ್ತು, ಅರ್ಧ ಕಟ್ಟಿದ ಓಣಿ, ಚಾಪೆ ಖಾಲಿ. ಅಷ್ಟರಲ್ಲಿ ಹಿತ್ತಲ ಕಡೆಯ ಬಯಲಿನಿಂದ ಗದ್ದಲ ಕೇಳಿಸಿತು. ಹಿಂದಿನ ಬಾಗಿಲಿಗೆ ಹೋಗಿ ನೋಡಿದೆ. ಲಗೋರಿ ನಡೆದಿತ್ತು. ಗೀತಾ ಸೊಂಟಕ್ಕೆ ಲಂಗ ಸಿಗಿಸಿಕೊಂಡು, ಕೈಯಲ್ಲಿ ಚೆಂಡು ಹಿಡಕೊಂಡು ವೀರೇಶನ ಮುಖಕ್ಕೆ ಮುಖ ಕೊಟ್ಟು, "ಔಟ್ ಆದವನು ಔಟ್. ಹೋಗಿ ಕೂತ್ಕೋ" ಅಂತ ಗದರ್ತಿದ್ದಳು. ಅವನು ಗೊಣಗ್ತಾ ಹೋಗಿ ಕೂತ.

ನಾನು ಕರೀಲಿಲ್ಲ. ಒಳಗೆ ಬಂದು ಕೈಕಾಲು ತೊಳಕೊಂಡೆ. ಸ್ವಲ್ಪ ಹೊತ್ತಿಗೆ ಗೀತಾ ಏದುಸಿರು ಬಿಡ್ತಾ ಓಡಿ ಬಂದು ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು.

"ಅಜ್ಜಿ, ಟಿವಿ ಆರಿಸಿಬಿಡು. ಇವತ್ತು ನಾವು ಯಾರೂ ಒಳಗೆ ಬರಲ್ಲ."

"ಹೂಂ ಹೂಂ, ಆರಸ್ತೀನಿ. ನೀ ಹೋಗು, ನಿನ್ನ ಪಾಳಿ ತಪ್ಪೀತು. ಬಾಗಲಾ ಮುಂದ ಮಾಡ್ಕೊಂಡು ಹೋಗು" ಅಂದೆ.

ಅವಳು ಹೋದ ಮೇಲೆ ರಿಮೋಟ್ ಎಳಕೊಂಡು ಚಾಪೆ ಮೇಲೆ ಕೂತೆ. ನಮ್ಮ ಮನೆ ಗೋಡೆಗೆ ಇನ್ನೂ ಹನ್ನೊಂದು ಇಟ್ಟಿಗೆ ಬೇಕಿತ್ತು.